ಮೂರು ತಿಂಗಳ ಪರಿಚಯ

ಪಾಂಡವಪುರದ ಬಸ್ ನಿಲ್ದಾಣದ ಎದುರಿಗಿದ್ದ ಆ ಹೋಟೆಲಿಗೆ ನಾನು ನೋಟ್‌ಬುಕ್ ಹಿಡಿದುಕೊಂಡು ಹೋದ ಮೊದಲ ದಿನ, ಯಜಮಾನರು ನನ್ನನ್ನು ಆರೋಗ್ಯ ಇಲಾಖೆಯವನು ಅಂದುಕೊಂಡರು. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಬಂತು. ಎರಡನೆಯ ದಿನ ಸೇಲ್ಸ್ ಟ್ಯಾಕ್ಸಿನವನು ಅಂದುಕೊಂಡರು. ಅದುವರೆಗೂ ಯಾರೂ ಕಾಣದಿದ್ದ ಬಿಲ್ ಪುಸ್ತಕವೊಂದು ಗಲ್ಲಾದ ಮೇಲೆ ಬಂದು ಕೂತಿತು. ಮೂರನೆಯ ದಿನ, ಎದುರು ಸಾಲಿನಲ್ಲಿ ಹೊಸ ಹೋಟೆಲು ತೆರೆಯಲು ಹೊರಟವರು ಕಳಿಸಿದ ಬೇಹುಗಾರ ನಾನು ಎಂದಾಗಿ, ಅಡುಗೆಮನೆಯ ಬಾಗಿಲಿಗೆ ಹಳೆಯ ಸೀರೆಯ ಪರದೆ ಬಿತ್ತು. ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಮೊದಲ ದಿನವೇ ನಿಜ ಹೇಳಿದ್ದೆ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದಿದ್ದು ಆ ನಿಜದ ಮೇಲೆಯೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ್ದೆ. ಸಣ್ಣ ಊರುಗಳ ಹೋಟೆಲುಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರ ಜೊತೆ ತಿನ್ನುತ್ತಾರೆ, ಏನು ಮಾತಾಡುತ್ತಾರೆ, ಯಾರು ಬಂದಾಗ ಮಾತು ನಿಲ್ಲಿಸುತ್ತಾರೆ ಎಂಬುದನ್ನು ನೋಡಿ ಬರೆಯುವುದು ನನ್ನ ಕೆಲಸ. ಶ್ರೀರಂಗಪಟ್ಟಣದ ಪಕ್ಕದ ನಮ್ಮ ಹಳ್ಳಿಯಲ್ಲಿ ಇದನ್ನು ಹೇಳಿದಾಗ ದೊಡ್ಡಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ತಿರುಗಿ ನಿಂತರು.

"ಓಟ್ಲಲ್ಲಿ ಕುಂತ್ಕಳಕೂ ಇಷ್ಟ್ ಓದ್ಬೇಕೇನ್ಲಾ? ಅಂಗಾರೆ ನಮ್ಮೂರ್ ಸೋಂಬೇರಿಗಳೆಲ್ಲ ಡಾಕ್ಟ್ರುಗಳೇಯ ಬುಡು" ಅಂದರು.

ನನ್ನ ಮಾರ್ಗದರ್ಶಕರು ಮಾತ್ರ ನನ್ನನ್ನು ನೋಡಿಯೇ ಈ ವಿಷಯ ಕೊಟ್ಟಿದ್ದರು ಅಂತ ಕಾಣುತ್ತದೆ. ಜನ ಹೇಳಿದ್ದನ್ನು ಬರೆದುಕೋ, ಆದರೆ ನಂಬಬೇಡ. ಮಾಡಿದ್ದನ್ನು ನೋಡು ಎಂದು ಅವರು ಪಾಠ ಹೇಳಿದಾಗ ನನಗೆ ಅದು ಪಾಠ ಅನ್ನಿಸಲೇ ಇಲ್ಲ. ಅನುಮಾನ ನನಗೆ ಹುಟ್ಟುಗುಣ. "ನಿಂಗೆ ಆಲು ಕೊಟ್ರೆ ಅಸ ಯಾವ್ದು ಅಂತ ಕೇಳ್ತೀಯ ಕಣ್ಲಾ" ಎಂದು ನಮ್ಮವ್ವ ರೇಗುತ್ತಿದ್ದಳು. ಮನೆಯಲ್ಲಿ ಬೈಸಿಕೊಂಡ ಗುಣಕ್ಕೆ ಊರಾಚೆ ಸ್ಕಾಲರ್‌ಶಿಪ್ಪು ಸಿಕ್ಕಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಆ ವರ್ಷ ನಾಲ್ಕು ತಾಲ್ಲೂಕಿನ ಹೋಟೆಲುಗಳ ಬೆಂಚು ಸವೆಸಿದೆ. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡಲು ಬಂದವರು ಹೊಳೆಯಿಂದ ನೇರವಾಗಿ ಬಂದು ಕೂರುವ ಹೋಟೆಲೊಂದಿತ್ತು. ಅಲ್ಲಿ ಸಪ್ಲೈಯರು ಅವರ ಟೇಬಲಿಗೆ ಹೋದಾಗ ಮಾತ್ರ 'ಏನು ಕೊಡ್ಲಿ' ಎಂದು ಕೂಗದೆ ಬಗ್ಗಿ ಮೆಲ್ಲಗೆ ಕೇಳುತ್ತಿದ್ದ. ಕೆ.ಆರ್. ಪೇಟೆಯಲ್ಲಿ ಸಂತೆಯ ದಿನ ಬೀಗರು ಬೀಗರು ಎದುರಾಗದಂತೆ ಹಿಂದಿನ ಬೆಂಚು, ಮುಂದಿನ ಬೆಂಚು ಎಂದು ಯಜಮಾನನೇ ಜನರನ್ನು ಹಂಚಿ ಕೂರಿಸುತ್ತಿದ್ದ. ನಾಗಮಂಗಲದ ಮುದ್ದೆ ಹೋಟೆಲಿನಲ್ಲಿ ಸಾರು ಎರಡನೆಯ ಸಲ ಯಾರಿಗೆ ಕೇಳದೆ ಬೀಳುತ್ತದೆ, ಯಾರಿಗೆ ಕೇಳಿದರೂ ಬೀಳುವುದಿಲ್ಲ ಎಂದು ಹತ್ತು ಪುಟ ಬರೆದೆ. ಕೊನೆಗೆ ಒಂದೇ ಕಡೆ ನೆಲೆಯಾಗಿ ಕೂರಬೇಕು ಎಂದು ಮಾರ್ಗದರ್ಶಕರು ಹೇಳಿದ್ದರಿಂದ ಪಾಂಡವಪುರದಲ್ಲಿ ಸೈಕಲ್ ಶಾಪಿನ ಮೇಲೊಂದು ಕೋಣೆ ಹಿಡಿದೆ. ಕಬ್ಬಿನ ಲಾರಿಗಳವರು, ಕ್ಯಾತನಹಳ್ಳಿ ಕಡೆಯ ರೈತರು, ತಾಲ್ಲೂಕು ಕಚೇರಿಗೆ ಬಂದವರು ಎಲ್ಲ ನುಗ್ಗುವ ಹೋಟೆಲು ಅದು. ಮೂಲೆಯ ಟೇಬಲು ನನ್ನದಾಯಿತು.

ಅಲ್ಲಿ ನಾನು ಕಂಡುಹಿಡಿದ ಸಂಗತಿಗಳಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಹೆಣ್ಣು ಗಂಡಿನ ವಿಚಾರಣೆ. ಆ ಕಡೆಯಲ್ಲಿ ಸಂಬಂಧ ಕೂಡುವ ಮುಂಚೆ ಹುಡುಗನ ಮನೆಗೆ ಹೋಗಿ ಕೇಳುವುದೆಲ್ಲ ಶಾಸ್ತ್ರಕ್ಕೆ. ನಿಜವಾದ ವಿಚಾರಣೆ ನಡೆಯುವುದು ಅವನೂರಿಗೆ ಬಸ್ಸು ನಿಲ್ಲುವ ಕಡೆಯ ಹೋಟೆಲಿನಲ್ಲಿ. ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಅಣ್ಣತಮ್ಮಂದಿರಿಗೆ ಮಾತುಂಟೋ ಇಲ್ಲವೋ ಎಲ್ಲ ಹೋಟೆಲಿನವನಿಗೆ ಗೊತ್ತಿರುತ್ತದೆ. ಬರುವವರನ್ನು ನಾನು ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದೆ. ಇಬ್ಬರು ಗಂಡಸರು, ಇಸ್ತ್ರಿ ಮಾಡಿದ ಬಿಳೀ ಅಂಗಿ. ಊಟದ ಹೊತ್ತಾದರೂ ಕಾಫಿ ಮಾತ್ರ ಕುಡಿಯುವರು. ಮೊದಲು ಮಳೆ ಬೆಳೆ, ಆಮೇಲೆ ಬಸ್ಸಿನ ಟೈಮು, ಎದ್ದು ಹೋಗುವಾಗ ನೆನಪಾಯಿತೇನೋ ಎಂಬಂತೆ "ಅಲ್ಲಾ, ಇಲ್ಲಿ ಮೇಗಲ ಬೀದೀಲಿ ಒಬ್ಬ ಅವ್ನಲ್ಲಾ" ಎಂದು ಶುರು.

ಯಜಮಾನರು ಕೊಡುತ್ತಿದ್ದ ಉತ್ತರಗಳಿಗೂ ಒಂದು ವ್ಯಾಕರಣವಿತ್ತು. ಅವರು ಯಾರನ್ನೂ ಕೆಟ್ಟವನು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಹೇಳಿ ಒಂದು ಮನೆಯ ಶಾಪ ಕಟ್ಟಿಕೊಳ್ಳುವವರು ಯಾರೂ ಇಲ್ಲ. ಕೇಳಿದ ತಕ್ಷಣ, ಉಸಿರು ಎಳೆದುಕೊಳ್ಳದೆ "ಕಣ್ಮುಚ್ಕಂಡ್ ಕೊಡಿ" ಅಂದರೆ ಸಂಬಂಧ ಕೂಡಿತು. "ಅವ್ರಪ್ಪ ಬಾಳ ಒಳ್ಳೆ ಮನ್ಸ" ಅಂದರೆ ಮಗ ಅಷ್ಟಕ್ಕಷ್ಟೇ. "ನಂಗೆ ಅಷ್ಟ್ ಬಳಕೆ ಇಲ್ಲ ಕಣಪ್ಪ" ಅಂದರೆ ಮುಗಿಯಿತು, ಬಂದವರು ಲೋಟ ಕೆಳಗಿಟ್ಟು ಬಂದ ಬಸ್ಸಿಗೇ ವಾಪಸ್. ಇದನ್ನೆಲ್ಲ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆದೆ. ಮೂರನೆಯದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. 'ಗೊತ್ತಿಲ್ಲ ಎಂಬುದೇ ಅತ್ಯಂತ ಕೆಟ್ಟ ಉತ್ತರ' ಎಂದು ಪಕ್ಕದಲ್ಲಿ ಬರೆದಿದ್ದೆ.

ಈಗ ದೋಸೆಯವನ ವಿಷಯ. ಹೋಟೆಲಿನ ಮುಂಭಾಗದಲ್ಲಿ, ರಸ್ತೆಗೆ ಕಾಣುವಂತೆ ಕಾವಲಿ. ಅದರ ಹಿಂದೆ ಬೆಳಿಗ್ಗೆ ಆರರಿಂದ ನಿಲ್ಲುತ್ತಿದ್ದವನು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಬೇಸಾಯದ ಮನೆಯವನು. ಜಮೀನು ಅಣ್ಣಂದಿರಿಗೇ ಸಾಲದೆ ಇವನು ಹೋಟೆಲು ಸೇರಿ ಹದಿನಾಲ್ಕು ವರ್ಷವಾಗಿತ್ತು. ವಯಸ್ಸು ಮೂವತ್ತೆರಡು. ಮಾತು ಕಡಿಮೆ. ಪೊರಕೆಯಿಂದ ಕಾವಲಿ ಗುಡಿಸಿ, ನೀರು ಚಿಮುಕಿಸಿ, ಆರು ದೋಸೆ ಒಟ್ಟಿಗೆ ಹುಯ್ದು, ಆರನೆಯದನ್ನು ಹುಯ್ಯುವಷ್ಟರಲ್ಲಿ ಮೊದಲನೆಯದನ್ನು ಮಗುಚಿರುತ್ತಿದ್ದ. ಅವನ ದೋಸೆಗಾಗಿ ಲಾರಿಯವರು ದಾರಿ ಸುತ್ತಿಕೊಂಡು ಬರುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

ಅವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದೆ. ಯಾವೂರು? ಅಣ್ಣತಮ್ಮಂದಿರು ಎಷ್ಟು ಜನ? ಭಾಗವಾಗಿದೆಯಾ? ಇಲ್ಲಿಗೆ ಬಂದು ಎಷ್ಟು ವರ್ಷ? ಬೀಡಿ ಸೇದುತ್ತೀರಾ? ಊರಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ? ಎಲ್ಲಕ್ಕೂ ನೆಟ್ಟಗೆ ಕೂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ ಉತ್ತರ ಕೊಟ್ಟ. ಮಾರನೆಯ ದಿನದಿಂದ ನನ್ನ ದೋಸೆಯ ಮೇಲೆ ಬೆಣ್ಣೆ ದಪ್ಪಗಾಯಿತು. ಅವನ ಮೈಮೇಲೆ ಒಗೆದ ಅಂಗಿ ಬಂತು. ಎರಡು ದಿನಕ್ಕೊಮ್ಮೆ ಗಡ್ಡ ಹೆರೆಯತೊಡಗಿದ. ಜನರ ವಿಶ್ವಾಸ ಗಳಿಸುವುದರಲ್ಲಿ ನಾನು ಗಟ್ಟಿಗ ಎಂದು ಅವತ್ತಿನ ಪುಟದಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ಮುಖ ಬಿಸಿಯಾಗುತ್ತದೆ.

ಎರಡು ವಾರ ಕಳೆದ ಮೇಲೆ ಯಜಮಾನರು ಎಲೆಗೆ ಸುಣ್ಣ ಸವರುತ್ತಾ ನನ್ನ ಟೇಬಲಿಗೆ ಬಂದು ಕೂತರು.

"ಅಲ್ಲಾ ಮೇಷ್ಟ್ರೇ, ಎಷ್ಟ್ ದಿನ ಅಂತ ನೋಡೀರಿ? ಅವ್ನಿಗೂ ಒಂದ್ ಮಾತು ಯೋಳ್ಬುಡಿ. ಎಣ್ಣು ನಿಮ್ಮ ತಂಗೀನೋ, ಅಕ್ಕನ್ ಮಗ್ಳೋ?"

ನಾನು ಕೇಳಿದ ಪ್ರಶ್ನೆಗಳು ಒಂದೂ ಬಿಡದೆ ಹೆಣ್ಣಿನ ಕಡೆಯವರು ಕೇಳುವ ಪ್ರಶ್ನೆಗಳೇ ಆಗಿದ್ದವು. ಇನ್ನೊಬ್ಬರ ವಿಚಾರಣೆಯ ಪದ್ಧತಿ ಬರೆದುಕೊಂಡವನಿಗೆ ತಾನು ಮಾಡುತ್ತಿರುವುದೂ ಅದೇ ಎಂದು ಹೊಳೆದಿರಲಿಲ್ಲ. ನಾನು ಗಾಬರಿಯಿಂದ ಇಲ್ಲ ಇಲ್ಲ ಅಂದೆ. ಯಜಮಾನರು ನಕ್ಕರು. ಕಾವಲಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ದೋಸೆಯವನು ಸಟ್ಟುಗ ಬದಿಗಿಟ್ಟು, "ಬುಡಿ ಸಾ, ಯಾರೋ ಕೇಳುದ್ರಲ್ಲ, ಅದೇಯ ಸಾಕು" ಅಂದ. ಎರಡು ಮೂರು ಕಡೆ ಮದುವೆಯ ಮಾತಾಗಿ, ಹೋಟೆಲ್ ಕೆಲಸದವನು ಎಂದು ಹೆಣ್ಣಿನ ಕಡೆಯವರು ಬಿಟ್ಟುಹೋಗಿದ್ದರಂತೆ. ಮಾರನೆಯ ದಿನವೂ ಬೆಣ್ಣೆ ಕಡಿಮೆಯಾಗಲಿಲ್ಲ. ನನಗೆ ಅದರ ಮೇಲೂ ಅನುಮಾನ. ಇನ್ನೇನು ಬೇಕಿದೆ ಇವನಿಗೆ ಎಂದುಕೊಂಡೆ.

ಆಗಲೇ ಅವನ ಮಧ್ಯಾಹ್ನಗಳು ನನ್ನ ಕಣ್ಣಿಗೆ ಬಿದ್ದದ್ದು. ಎರಡೂವರೆಗೆ ಊಟದ ಗಲಾಟೆ ಇಳಿದ ಕೂಡಲೇ ಒಂದು ಖಾಲಿ ಎಣ್ಣೆ ಡಬ್ಬ ಹಿಡಿದು ಹಿಂಬಾಗಿಲಿನಿಂದ ಹೊರಡುತ್ತಿದ್ದ. ನಾಲ್ಕಕ್ಕೆ ವಾಪಸ್. ಬರುವಾಗ ಪಂಚೆಯ ಅಂಚು ಒದ್ದೆ, ಕಾಲು ಆಗತಾನೇ ತೊಳೆದದ್ದು. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಒಮ್ಮೆ ಕೇಳಿದ್ದಕ್ಕೆ "ಇಲ್ಲೇಯ ಸಾ" ಅಂದು ಕಾವಲಿಗೆ ತಿರುಗಿದ. ಇಲ್ಲೇ ಅನ್ನುವ ಜಾಗಕ್ಕೆ ಒಂದೂವರೆ ಗಂಟೆ ಬೇಕೇ? ಒಂದು ದಿನ ದೂರದಿಂದ ಹಿಂಬಾಲಿಸಿದೆ. ನಾಲೆಯ ಏರಿ ಹತ್ತಿ ಕಬ್ಬಿನ ಗದ್ದೆಗಳ ನಡುವೆ ಇಳಿದು ಮರೆಯಾದ. ನಾಲೆಯ ಆಚೆ ನಾಲ್ಕಾರು ಮನೆಗಳಿದ್ದವು. ಯಾವುದೋ ಹೆಂಗಸಿನ ಮನೆ ಇರಬೇಕು ಎಂದು ತೀರ್ಮಾನಿಸಿದೆ. 'ಮ. ೨.೩೦, ಹಿಂಬಾಗಿಲು. ೪.೦೦ ವಾಪಸ್. ಒದ್ದೆ. ಗುಟ್ಟು.' ಹೀಗೆ ಹನ್ನೊಂದು ದಿನ ಬರೆದಿದ್ದೇನೆ. ಹೋಟೆಲಿನ ಸಂಸ್ಕೃತಿಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಾನು ಅಲ್ಲಿಗೆ ಬಂದು ಮೂರು ತಿಂಗಳು ತುಂಬುವ ಹೊತ್ತಿಗೆ ದೋಸೆಯವನಿಗೆ ಕಿಕ್ಕೇರಿಯ ಕಡೆಯಿಂದ ಒಂದು ಸಂಬಂಧ ಬಂತು. ಬ್ರೋಕರು ಎರಡು ಸಲ ಬಂದು ಹೋದ. ಹುಡುಗಿ ಒಪ್ಪಿದ್ದಾಳೆ, ಹೋಟೆಲ್ ಕೆಲಸ ಎಂದು ಅವರಪ್ಪನೂ ಮೂಗು ಮುರಿದಿಲ್ಲ, ಇನ್ನು ಹುಡುಗಿಯ ಸೋದರಮಾವ ಒಬ್ಬರು ಬಂದು ಕೇಳಿಕೊಂಡು ಹೋಗುವುದೊಂದೇ ಬಾಕಿ ಎಂದು ಹೋಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ದಿನಗಳಲ್ಲಿ ಅವನು ಕಾವಲಿ ಗುಡಿಸುವಾಗ ಏನೋ ಗುನುಗುತ್ತಿದ್ದ. ಅವನ ಬಾಯಿಂದ ಅಂಥ ಸದ್ದು ನಾನು ಅದೇ ಮೊದಲು ಕೇಳಿದ್ದು.

ಸೋದರಮಾವ ಬಂದದ್ದು ಒಂದು ಗುರುವಾರ ಎರಡೂಮುಕ್ಕಾಲಿಗೆ. ಬಿಳೀ ಅಂಗಿ, ಕಂಕುಳಲ್ಲಿ ಕೊಡೆ, ಜೊತೆಗೆ ಇನ್ನೊಬ್ಬರು. ದೋಸೆಯವನು ಡಬ್ಬ ಹಿಡಿದು ಹಿಂಬಾಗಿಲಿನಿಂದ ಹೋಗಿ ಕಾಲು ಗಂಟೆಯೂ ಆಗಿರಲಿಲ್ಲ. ಅವರು ಕಾಫಿ ಕುಡಿದರು, ಮಳೆಯ ಮಾತಾಡಿದರು, ಕಿಕ್ಕೇರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಆಮೇಲೆ ಎದ್ದು ನಿಂತು ಸೋದರಮಾವ ಯಜಮಾನರನ್ನು ಕೇಳಿದರು:

"ನಿಮ್ತಾವ ದೋಸೆ ಆಕ್ತಾನಲ್ಲ, ಎಂಗೆ ಉಡ್ಗ?"

ಹದಿನಾಲ್ಕು ವರ್ಷ ಜೊತೆಗಿದ್ದವನ ಬಗ್ಗೆ ಯಜಮಾನರು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವರು ಬಾಯಿ ತುಂಬ ಎಲೆ ಹಾಕಿಕೊಂಡರು, ಗಲ್ಲಾದ ಹಿಂದಿನಿಂದ ಕೈ ಎತ್ತಿ ನನ್ನ ಕಡೆ ತೋರಿಸಿದರು.

"ನಮ್ ಉಡ್ಗುನ್ನ ನಾವು ಒಗಳುದ್ರೆ ನೀವು ನಂಬ್ತೀರಾ? ಇಗಳಿ, ಈ ಮೇಷ್ಟ್ರುನ್ನ ಕೇಳಿ. ಮೈಸೂರ್ನೋರು. ಮೂರ್ ತಿಂಗ್ಳಿಂದ ಇಲ್ಲೇ ಕುಂತು ಎಲ್ಲಾನೂ ಬರ್ಕತಾವ್ರೆ. ಅವ್ರಿಗೆ ಯಾರ್ ಅಂಗೂ ಇಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಸೋದರಮಾವ ಹತ್ತಿರ ಬಂದು ಕೈ ಮುಗಿದು, "ಯೋಳಿ ಸ್ವಾಮಿ, ಎಣ್ಮಗಿನ ವಿಚಾರ" ಅಂದರು.

ನನ್ನ ಕಣ್ಣು ಹಿಂಬಾಗಿಲ ಕಡೆ ಹೋಯಿತು. ಒದ್ದೆ ಪಂಚೆ ನೆನಪಾಯಿತು. ಸುಳ್ಳು ಹೇಳಬಾರದು, ಗೊತ್ತಿಲ್ಲದ್ದಕ್ಕೆ ಸಾಕ್ಷಿ ಹೇಳಬಾರದು, ನಾನು ಓದಿದವನು. ಎಳೆದು ಉಸಿರು ತೆಗೆದುಕೊಂಡು ಹೇಳಿದೆ: "ನೋಡಿ, ನನಗೆ ಮೂರು ತಿಂಗಳ ಪರಿಚಯ ಅಷ್ಟೇ. ಅಷ್ಟರಲ್ಲಿ ಏನೂ ಹೇಳೋಕಾಗಲ್ಲ."

ಸೋದರಮಾವ "ಆಯ್ತು ಬುಡಿ ಸ್ವಾಮಿ" ಅಂದರು. ಕೊಡೆ ಎತ್ತಿಕೊಂಡು ಹೊರಟರು. ಹೋಟೆಲಿನಲ್ಲಿದ್ದ ಒಬ್ಬಿಬ್ಬರು ಗಿರಾಕಿಗಳು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದ್ದು ಕಂಡಿತು. ನಾನು ಎಷ್ಟು ಪ್ರಾಮಾಣಿಕವಾಗಿ ಮಾತಾಡಿದೆ ಎಂದು ಮೆಚ್ಚಿಕೊಂಡಿರಬೇಕು ಅಂದುಕೊಂಡೆ.

ಐದನೆಯ ದಿನ ಬ್ರೋಕರು ಬಂದು ಯಜಮಾನರ ಕಿವಿಯಲ್ಲಿ ಏನೋ ಹೇಳಿ, ದೋಸೆಯವನ ಜೊತೆ ಹೊರಗೆ ಐದು ನಿಮಿಷ ಮಾತಾಡಿ ಹೋದ. ದೋಸೆಯವನು ಒಳಗೆ ಬಂದು ಮಾಮೂಲಿನಂತೆ ಕಾವಲಿ ಗುಡಿಸಿದ. ಗುನುಗಲಿಲ್ಲ. ಅಲ್ಲೇ ಕೂತಿದ್ದ ನನಗೆ ಯಜಮಾನರು ಮೆಲ್ಲಗೆ ಹೇಳಿದರು: "ಕಿಕ್ಕೇರಿಯೋರು ಬ್ಯಾಡ ಅಂದ್ಬುಟ್ರಂತೆ ಮೇಷ್ಟ್ರೇ."

"ಯಾಕಂತೆ?"

"ಯಾಕೆ ಅಂತ ಯಾರು ಯೋಳ್ತಾರೆ" ಎಂದು ಅವರು ಎದ್ದು ಹೋದರು.

ಕೋಣೆಗೆ ಹೋಗಿ ನೋಟ್‌ಬುಕ್ ತೆಗೆದೆ. ಹುಡುಕುವ ಅಗತ್ಯವೂ ಇರಲಿಲ್ಲ. ಕೆಂಪು ಗೆರೆ ಎದ್ದು ಕಾಣುತ್ತಿತ್ತು. ನನ್ನದೇ ಅಕ್ಷರ. ಗೊತ್ತಿಲ್ಲ ಎಂಬುದೇ ಅತ್ಯಂತ ಕೆಟ್ಟ ಉತ್ತರ. ಆ ನಿಯಮವನ್ನು ಬರೆದವನು ನಾನು, ಮರೆತವನೂ ನಾನು, ಅದರ ಕೆಳಗೆ ಸಿಕ್ಕಿ ನಲುಗಿದವನು ಮಾತ್ರ ಬೆಳಿಗ್ಗೆ ಆರರಿಂದ ಕಾವಲಿಯ ಮುಂದೆ ನಿಂತಿದ್ದವನು.

ಮೊದಲು ಯಜಮಾನರ ಮೇಲೆ ಸಿಟ್ಟು ಬಂತು. ಬೇಕೆಂದೇ ನನ್ನ ಕಡೆ ತೋರಿಸಿದರು ಎಂದು ಆಗಲೂ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಮದುವೆಯಾದರೆ ಇವನು ಬೇರೆ ಹೋಟೆಲು ಹಾಕಿಕೊಂಡು ಹೋಗುತ್ತಾನೆ, ಲಾರಿಯವರೂ ಅವನ ಹಿಂದೆ ಹೋಗುತ್ತಾರೆ ಎಂಬ ಭಯ ಅವರಿಗಿತ್ತು. ಕೆಟ್ಟವನು ಎಂದು ಬಾಯಿ ಬಿಟ್ಟು ಹೇಳಿ ಪಾಪ ಕಟ್ಟಿಕೊಳ್ಳದೆ ನನ್ನ ಬಾಯಿಯಿಂದ ಹೇಳಿಸಿದರೇ? ಪೇಟೆಯ ಓದು ಓದಿದವನು ಹೀಗೆಯೇ ಉತ್ತರ ಕೊಡುತ್ತಾನೆ ಎಂದು ಅವರಿಗೆ ಗೊತ್ತಿತ್ತೇ? ಮೂರು ತಿಂಗಳು ನಾನು ಅವರನ್ನು ಓದಿದೆ ಅಂದುಕೊಂಡಿದ್ದೆ. ಅವರೂ ಎಲೆ ಮಡಿಸುತ್ತಾ ನನ್ನನ್ನು ಓದಿದ್ದಿರಬಹುದು. ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ಇದ್ದರೂ, ಮಾತು ಆಡಿದ್ದು ನನ್ನ ನಾಲಿಗೆಯೇ.

ಮಾರನೆಯ ದಿನ ಎರಡೂವರೆಗೆ ಅವನು ಡಬ್ಬ ಹಿಡಿದು ಹೊರಟಾಗ ನಾನು ಮರೆಯಲ್ಲಿ ಹೋಗಲಿಲ್ಲ, ಹಿಂದೆಯೇ ಹೋದೆ. ನಾಲೆಯ ಏರಿ ಇಳಿದು, ಕಬ್ಬಿನ ಗದ್ದೆ ದಾಟಿದರೆ ಮೂರು ಗುಂಟೆಯಷ್ಟು ಜಾಗ. ಅದರಲ್ಲಿ ಎರಡು ಕೋಣೆಯ ಮನೆಯೊಂದರ ಗೋಡೆಗಳು ಎದ್ದಿದ್ದವು. ಸೂರು ಇನ್ನೂ ಇರಲಿಲ್ಲ. ಗೋಡೆ ಏರಿದಂತೆಲ್ಲ ಹಸಿ ಸಿಮೆಂಟಿಗೆ ದಿನವೂ ನೀರು ಉಣಿಸಬೇಕಿತ್ತು. ಅವನು ಪಂಚೆ ಎತ್ತಿ ಕಟ್ಟಿ ನಾಲೆಗೆ ಇಳಿದು, ಡಬ್ಬದಲ್ಲಿ ನೀರು ಮೊಗೆದು ತಂದು ಗೋಡೆಗೆ ಎರಚುತ್ತಿದ್ದ. ಮತ್ತೆ ಇಳಿದ, ಮತ್ತೆ ತಂದ. ನಾನು ಗೋಡೆಯ ಹತ್ತಿರ ಹೋದೆ.

"ಓನರ್‌ಗೆ ಯೋಳ್ಬ್ಯಾಡಿ ಸಾ" ಅಂದ. "ಮನೆ ಕಟ್ತಾವ್ನೆ ಅಂದ್ರೆ ಓಟ್ಲು ಇಕ್ತಾನೆ ಅಂದ್ಕತಾರೆ. ಸುಮ್ನೆ ಕೆಲ್ಸಕ್ಕೆ ಕುತ್ತು."

"ಮದುವೆ..." ಅಂದೆ.

"ಮದ್ವೆ ನಿಂತೋಯ್ತು ಅಂತ ಗ್ವಾಡೆ ಒಣಗಾಕ್ ಬುಡಕ್ಕಾಯ್ತದಾ ಸಾ? ಬಿರುಕು ಬುಟ್ಕತದೆ" ಅಂದು ಇನ್ನೊಂದು ಡಬ್ಬ ಎರಚಿದ.

ಇಷ್ಟಕ್ಕೆ ನಾನು ಇಲ್ಲದ ಒಂದು ಹೆಂಗಸನ್ನು ಹುಟ್ಟಿಸಿದ್ದೆ. ಆ ಗೋಡೆಯ ಮುಂದೆ ನಿಂತಾಗ ನನಗೆ ಆದ ನಾಚಿಕೆ ಆಮೇಲೆ ಯಾವತ್ತೂ ಆಗಿಲ್ಲ. ಸೋದರಮಾವನಿಗೆ ಹಾಗೆ ಹೇಳಿದ್ದು ನಾನು ಎಂದು ಅವತ್ತೇ ಅವನಿಗೆ ಹೇಳಬಹುದಾಗಿತ್ತು. ಧೈರ್ಯ ಬರಲಿಲ್ಲ. ಅವನಿಗೆ ಗೊತ್ತಿಲ್ಲ ಎಂದುಕೊಂಡು, ಗೊತ್ತಾಗದಿರಲಿ ಎಂದು ಹಾರೈಸಿ, ಅವನ ಕೈಯಿಂದ ಡಬ್ಬ ತೆಗೆದುಕೊಂಡು ನಾಲ್ಕು ಸಲ ನೀರು ತಂದುಕೊಟ್ಟೆ. ಅಷ್ಟು ಸುಲಭವಾಗಿ ಪಾಪ ತೊಳೆಯಬಹುದು ಎಂದು ನಂಬುವ ವಯಸ್ಸು ಅದು.

ಆ ಭಾನುವಾರ ಬಸ್ಸು ಹತ್ತಿ ಕಿಕ್ಕೇರಿಗೆ ಹೋದೆ. ವಿಳಾಸ ಕೇಳಿಕೊಂಡು ಸೋದರಮಾವನ ಮನೆ ಹುಡುಕಿದೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಉಸಿರು ಎಳೆಯದೆ ಹೇಳಿದೆ: ಆ ಹುಡುಗ ಚಿನ್ನದಂಥವನು, ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಮನೆ ಕಟ್ಟುತ್ತಿದ್ದಾನೆ, ಕಣ್ಣು ಮುಚ್ಚಿಕೊಂಡು ಕೊಡಿ. ಅವರು ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟರು.

"ಅವತ್ತು ನಾವೇಯ ಬಂದು ಕೈ ಮುಗ್ದು ಕೇಳ್ದಾಗ ನಿಮ್ ಬಾಯಿಗೆ ಬರ್ನಿಲ್ಲ. ಇವತ್ತು ಬಸ್ ಚಾರ್ಜು ಕೊಟ್ಕಂಡು ಇಲ್ಲಿಗಂಟ ಬಂದಿದೀರಿ. ಯಾರ್ ಕಳ್ಸುದ್ರು ಸ್ವಾಮಿ?"

ಯಾರೂ ಕಳಿಸಿಲ್ಲ ಎಂದೆ. ಅದನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ. ಕೇಳದೆ ಹೇಳಿದ ಒಳ್ಳೆಯ ಮಾತಿಗೆ ಏನು ಅರ್ಥ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಅವತ್ತು ಗೊತ್ತಾಯಿತು. ಆ ಹೆಣ್ಣಿಗೆ ಬೇರೆ ಕಡೆ ನೋಡುತ್ತಿದ್ದೇವೆ ಎಂದು ಅವರು ಮರ್ಯಾದೆಯಿಂದಲೇ ಹೇಳಿ, ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದರು.

ಎರಡು ವಾರದಲ್ಲಿ ನಾನು ಪಾಂಡವಪುರ ಬಿಟ್ಟೆ. ಹೊರಡುವ ಬೆಳಿಗ್ಗೆಯೂ ದೋಸೆಯ ಮೇಲೆ ಬೆಣ್ಣೆ ಇತ್ತು. ಪ್ರಬಂಧ ಬರೆದೆ. ಹೆಣ್ಣು ಗಂಡಿನ ವಿಚಾರಣೆಯ ಅಧ್ಯಾಯ ಚೆನ್ನಾಗಿದೆ ಎಂದು ಪರೀಕ್ಷಕರು ಮೆಚ್ಚಿದರು. ಅದರಲ್ಲಿ ಕೆಂಪು ಗೆರೆಯ ನಿಯಮವಿದೆ, ಗುರುವಾರದ ಸಂಗತಿ ಇಲ್ಲ.

ನಾಲ್ಕು ವರ್ಷ ಕಳೆದು ನನಗೆ ನಾಗಮಂಗಲದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಹತ್ತಿರದ ಊರಿನಿಂದ ಮನೆಯವರು ನನಗೆ ಹೆಣ್ಣು ನೋಡಿದರು. ಅವರ ಕಡೆಯವರು ಸ್ವಲ್ಪ ದಿನ ಎಳೆದರು, ಆಮೇಲೆ ಇದ್ದಕ್ಕಿದ್ದಂತೆ ಒಪ್ಪಿದರು. ಯಾಕೆ ಎಳೆದರು, ಯಾಕೆ ಒಪ್ಪಿದರು ಎಂದು ನನಗೆ ಅನುಮಾನ ಬರದೆ ಇರುತ್ತದೆಯೇ? ಮದುವೆ ಮುಗಿದು ಬೀಗರ ಊಟದ ದಿನ ಹೆಂಡತಿಯ ಸೋದರಮಾವ ನನ್ನ ಪಕ್ಕದಲ್ಲೇ ಎಲೆಗೆ ಕೂತರು. ಪ್ರೈಮರಿ ಶಾಲೆಯ ಮೇಷ್ಟ್ರು, ಹಾಸ್ಯದ ಮನುಷ್ಯ.

"ನಿಮ್ ಮ್ಯಾಲೆ ನಮ್ಗೆ ಬಾರೀ ಡೌಟಿತ್ತು ಅಳಿಯಂದ್ರೇ. ಓದೋ ವಯಸ್ನಲ್ಲಿ ತಿಂಗ್ಳಾನುಗಟ್ಲೆ ಓಟ್ಲಲ್ಲಿ ಕುಂತಿದ್ರಂತೆ ಅಂತ ಯಾರೋ ಅಂದ್ರು. ಕೆಲ್ಸ ಇಲ್ದೋನೋ, ಚಟದೋನೋ ಅಂತ ನಾನೇಯ ಪಾಂಡವಪುರಕ್ಕೋಗಿದ್ದೆ. ಓನರ್ರು ಊರಲ್ಲಿರ್ನಿಲ್ಲ. ದೋಸೆ ಉಯ್ಯೋನ್ನ ಕೇಳ್ದೆ. ಅವನು ತಲೇನೂ ಎತ್ನಿಲ್ಲ ಕಣ್ರೀ. ದೋಸೆ ಮಗುಚ್ತಾ ಮಗುಚ್ತಾನೇ ಅಂದ, ಕಣ್ಮುಚ್ಕಂಡ್ ಕೊಡಿ ಅಂತ. ಅಷ್ಟೇಯ. ವಾಪಸ್ ಬಸ್ಸತ್ತಿದೆ."

ಅವರು ನಗುತ್ತಾ ನನ್ನ ಎಲೆಗೆ ಪಾಯಸ ಹಾಕಿಸಿದರು. ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಅನುಮಾನ. ಆ ಗುರುವಾರದ ನನ್ನ ಮಾತು ಗೊತ್ತಿಲ್ಲದೆ ಅವನು ಹಾಗೆ ಹೇಳಿದನೇ? ಗೊತ್ತಿದ್ದರೆ ಯಾಕೆ ಹೇಳಿದ? ನನ್ನನ್ನು ಹಂಗಿಗೆ ಬೀಳಿಸಲೇ? ಹೀಗೆ ಯೋಚಿಸಿದ ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಯೋಚನೆ ನಿಲ್ಲಲಿಲ್ಲ.

ತಿಂಗಳೊಳಗೆ ಹೆಂಡತಿಯನ್ನು ಕರೆದುಕೊಂಡು ಪಾಂಡವಪುರಕ್ಕೆ ಹೋದೆ. ಅದೇ ಕಾವಲಿ. ಅವನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಯಜಮಾನರು ನಮ್ಮನ್ನು ಮೂಲೆಯ ಟೇಬಲಿಗೆ ಕೂರಿಸಿ ಉಪಚರಿಸಿದರು. ದೋಸೆಯವನಿಗೆ ಮದುವೆಯಾಯಿತೇ ಎಂದು ಕೇಳಿದ್ದಕ್ಕೆ, "ಎಲ್ಲಿ ಮೇಷ್ಟ್ರೇ, ವಯಸ್ಸು ದಾಟೋಯ್ತಲ್ಲ" ಎಂದರು. ನಾಲೆಯಾಚೆ ಅವನದೊಂದು ಮನೆಯಿದೆಯಂತೆ, ಅದನ್ನು ಸಕ್ಕರೆ ಕಾರ್ಖಾನೆಯ ನೌಕರರು ಯಾರೋ ಒಬ್ಬರಿಗೆ ಬಾಡಿಗೆಗೆ ಕೊಟ್ಟು ತಾನು ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾನಂತೆ. ಹೆಂಡತಿಯನ್ನು ಕೂರಲು ಹೇಳಿ ನಾನೊಬ್ಬನೇ ಎದ್ದು ಕಾವಲಿಯ ಹತ್ತಿರ ಹೋದೆ.

"ನನ್ನ ಬಗ್ಗೆ ಕೇಳೋಕೆ ಬಂದಿದ್ರಂತೆ."

"ಊಂ ಸಾ, ಬಂದಿದ್ರು. ಒಳ್ಳೆ ಜನ."

"ಕಣ್ಣು ಮುಚ್ಚಿಕೊಂಡು ಕೊಡಿ ಅಂದ್ರಂತೆ. ನನ್ನ ಬಗ್ಗೆ ನಿಮಗೇನು ಗೊತ್ತಿತ್ತು?"

ಅವನು ಕಾವಲಿಗೆ ನೀರು ಚಿಮುಕಿಸಿ ಪೊರಕೆ ಆಡಿಸಿದ. ಎರಡು ದೋಸೆ ಹುಯ್ದ. ಎರಡಕ್ಕೂ ಬೆಣ್ಣೆ ಹಾಕಿದ.

"ಮೂರ್ ತಿಂಗ್ಳು ನೋಡಿದ್ನಲ್ಲ ಸಾ" ಅಂದ. "ಅಷ್ಟರಲ್ಲಿ ಒಂದ್ ಮಾತು ಯೋಳಕ್ಕಾಗಲ್ವಾ?"

ಆಮೇಲೆ ದೋಸೆ ಎರಡನ್ನೂ ತಟ್ಟೆಗೆ ಹಾಕಿ, ಅಮ್ಮಾವ್ರಿಗೆ ಮೊದ್ಲು ಕೊಡಿ, ಆರೋಯ್ತದೆ ಅಂದ.